ದಣಪೆ ಅಗಲಿಸುವ ಮುನ್ನ

ಬೆಳೆಗೆ ಬೆಲೆ ಬಂದ ವರ್ಷ ಮಲೆನಾಡಿನಲ್ಲಿ ಮೊದಲು ಬದಲಾಗುವುದು ಮನೆಯ ಮಾಡು, ಆಮೇಲೆ ಅಂಗಳದ ವಾಹನ. 2014ರಲ್ಲಿ ಅಡಿಕೆಯ ಬೆಲೆ ಏರಿದಾಗ ಇದು ನಡೆಯಿತು. 2024ರ ಕೊನೆಯಿಂದ 2025ರ ಆರಂಭದವರೆಗೆ ಕಾಫಿಯ ಬೆಲೆ ದಾಖಲೆಯ ಎತ್ತರ ಮುಟ್ಟಿದಾಗಲೂ ನಡೆಯಿತು. ದುಡಿದವರು ಒಂದು ಒಳ್ಳೆಯ ವಾಹನ ಕೊಳ್ಳುವುದರಲ್ಲಿ ತಪ್ಪು ಹುಡುಕುವುದು ಸಣ್ಣತನ. ಮಳೆಗಾಲದ ಅಪರಾತ್ರಿಯಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಹದಿನೈದು ಮೈಲಿ ಆಚೆಯ ಆಸ್ಪತ್ರೆಗೆ ಸಾಗಿಸಿದವರಿಗೆ ಅಂಗಳದಲ್ಲೊಂದು ಗಾಡಿಯಿರುವುದರ ಬೆಲೆ ಗೊತ್ತು. ಆದರೆ ಕೊಳ್ಳುವ ವಾಹನ ಯಾವುದು, ಅದು ಯಾವ ನೆಲಕ್ಕಾಗಿ ತಯಾರಾದದ್ದು, ಅದರ ನಿಜವಾದ ಖರ್ಚನ್ನು ಯಾರೆಲ್ಲ ತೆರುತ್ತಾರೆ ಎಂಬ ಪ್ರಶ್ನೆಗಳು ಕೊಳ್ಳುವವನ ಕಿಸೆಗೆ ಮಾತ್ರ ಸೇರಿದವಲ್ಲ.

ಈಗ ಬೆಳೆಗಾರರ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವುದು ‘ಚಿಕ್ಕ ಐಷಾರಾಮಿ ಎಸ್‌ಯುವಿ’ ಎಂಬ ವರ್ಗ. ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್ ಜಿಎಲ್‌ಎ, ಆಡಿ ಕ್ಯೂ3, ವಿದ್ಯುತ್ತಿನಲ್ಲಿ ಓಡುವ ವೋಲ್ವೊ ಇಎಕ್ಸ್30, ಬಿಎಂಡಬ್ಲ್ಯು ಐಎಕ್ಸ್1 ಮುಂತಾದವು ಈ ಸಾಲಿನವು. ಬೆಲೆ ಸುಮಾರು 40 ಲಕ್ಷ ರೂಪಾಯಿಯಿಂದ ಮೇಲಕ್ಕೆ. ಆರೆಕರೆ ತೋಟದ ಒಬ್ಬ ಕೃಷಿಕನನ್ನು ಊಹಿಸಿಕೊಳ್ಳೋಣ. ಮಗ ಬೆಂಗಳೂರಿನಲ್ಲಿದ್ದಾನೆ, ‘ಅಪ್ಪಯ್ಯ, ಇನ್ನೂ ಆ ಹಳೆ ಜೀಪಿನಲ್ಲೇ ಎಷ್ಟು ದಿನ ಓಡಾಡ್ತೀರಿ’ ಎನ್ನುತ್ತಾನೆ. ನೆಂಟರ ಮನೆಯ ಮದುವೆಯಲ್ಲಿ ಯಾರದೋ ಹೊಸ ಕಾರು ಕಣ್ಣಿಗೆ ಬಿದ್ದಿದೆ. ಬೆಟ್ಟದ ದಾರಿಗೆ ಎಸ್‌ಯುವಿಯೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಈ ಕೊನೆಯ ಮಾತನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು.

ಜೀಪು ಮಲೆನಾಡಿಗೆ ಹೊಸದಲ್ಲ. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ಅದು ಕಾಫಿ ತೋಟಗಳಿಗೂ ಘಟ್ಟದ ಹಳ್ಳಿಗಳಿಗೂ ಬಂತು. ಆ ಗಾಡಿ ಇಲ್ಲಿ ಬಾಳಿದ್ದಕ್ಕೆ ಕಾರಣ ಅದರ ಎತ್ತರವಲ್ಲ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುವ ಏರ್ಪಾಡು, ಅದರ ಜೊತೆಗೆ ನಿಧಾನವಾಗಿ ಆದರೆ ಬಲವಾಗಿ ಎಳೆಯುವ ಲೋ ಗೇರ್, ಕಿರಿದಾದ ಮೈ, ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ಸರಳತೆ ಇವೇ ಕಾರಣ. ಮೇಲೆ ಹೆಸರಿಸಿದ ಚಿಕ್ಕ ಐಷಾರಾಮಿ ಎಸ್‌ಯುವಿಗಳ ಪೈಕಿ ಯಾವುದರಲ್ಲೂ ಲೋ ಗೇರ್ ಇಲ್ಲ. 2023ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎಕ್ಸ್1ರಲ್ಲಿ ಪೆಟ್ರೋಲ್ ಇರಲಿ, ಡೀಸೆಲ್ ಇರಲಿ, ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಮೇಲಕ್ಕೇರುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ಆಷಾಢದಲ್ಲಿ ಪಾಚಿ ಕಟ್ಟಿದ ಜಂಬಿಟ್ಟಿಗೆ ದಾರಿಯ ಏರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಕ್ಯೂ3ರಲ್ಲಿ ಮತ್ತು ಜಿಎಲ್‌ಎಯ ಡೀಸೆಲ್ ಮಾದರಿಯಲ್ಲಿ ನಾಲ್ಕು ಚಕ್ರದ ಎಳೆತವಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅದು ಮಂಜಿನ ಅಥವಾ ಮಳೆಯ ಹೆದ್ದಾರಿಯಲ್ಲಿ ಜಾರದಿರಲು ಮಾಡಿದ ಏರ್ಪಾಡು, ಕೆಸರಿನ ಗಾಡಿದಾರಿಗಲ್ಲ.

ಅಗಲದ ಮಾತು ಇನ್ನೂ ಮುಖ್ಯ. ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆಯಲ್ಲಿ ಮಾಡಿದ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಸಂಚಾರ ತೀರ ಕಡಿಮೆಯಿರುವಲ್ಲಿ 3 ಮೀಟರ್. ಎಕ್ಸ್1ರ ಅಗಲ ಕನ್ನಡಿಗಳನ್ನು ಬಿಟ್ಟು 1.845 ಮೀಟರ್. ಇಂಥ ಎರಡು ಕಾರುಗಳು ಎದುರುಬದುರಾದರೆ 3.69 ಮೀಟರ್, ಕನ್ನಡಿಗಳನ್ನು ಸೇರಿಸಿದರೆ ಡಾಂಬರು ಸಾಲದು. ಒಂದು ಕಾರು ಧರೆಗೆ ಒತ್ತಿಕೊಳ್ಳಬೇಕು ಇಲ್ಲವೇ ಚರಂಡಿಗೆ ಇಳಿಯಬೇಕು. ಲೋ ಗೇರ್ ಇರುವ ಮಾರುತಿ ಜಿಮ್ನಿಯ ಅಗಲ 1.645 ಮೀಟರ್, ಉದ್ದ 4 ಮೀಟರಿನೊಳಗೆ. ನಗರದವರಿಗೆ 4.5 ಮೀಟರ್ ಉದ್ದದ ಕಾರು ‘ಚಿಕ್ಕದು’ ಎನಿಸಬಹುದು; ಚಿಕ್ಕದು ಎಂಬ ಮಾತು ಅದರ ದೊಡ್ಡಣ್ಣಂದಿರ ಪಕ್ಕದಲ್ಲಿಟ್ಟು ಹೇಳಿದ್ದು.

ಇಲ್ಲಿಯೇ ನಿಜವಾದ ಅಪಾಯ ಶುರುವಾಗುತ್ತದೆ. ಕಾರು ದಣಪೆ ದಾಟದಿದ್ದರೆ ಯಾರೂ ಕಾರನ್ನು ಹಿಂದಿರುಗಿಸುವುದಿಲ್ಲ, ದಣಪೆಯನ್ನು ಅಗಲಿಸುತ್ತಾರೆ. ಆಮೇಲೆ ಮನೆಯ ದಾರಿಯ ತಿರುವು ಅಗಲವಾಗಬೇಕು. ಜೆಸಿಬಿ ಬರುತ್ತದೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆಯಾದ್ದರಿಂದ ಅಂದುಕೊಂಡದ್ದಕ್ಕಿಂತ ಒಂದಷ್ಟು ಹೆಚ್ಚೇ ಧರೆ ಕಡಿಯಲಾಗುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಬೇಸಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಕಂಡು ಧೈರ್ಯ ತಾಳುವುದು ತಪ್ಪು. ಎಷ್ಟೋ ಕಡೆ ಆ ಗಟ್ಟಿ ಪದರದ ಅಡಿಯಲ್ಲಿ ಶೇಡಿಮಣ್ಣು ಇರುತ್ತದೆ. ಮೇಲಿನಿಂದ ಇಂಗಿದ ನೀರು ಶೇಡಿಯನ್ನು ತಲುಪಿದಾಗ ಅದು ಬೆಣ್ಣೆಯಂತೆ ಜಾರುತ್ತದೆ. ಮೇಲಿನ ಪದರ ಗಿಡಮರ ಸಮೇತ ಕೆಳಗಿಳಿಯುತ್ತದೆ. ಇಳಿಜಾರಿನ ಪಾದವನ್ನು ಕಡಿಯುವುದೆಂದರೆ ಅದನ್ನು ತಡೆದು ನಿಲ್ಲಿಸಿದ ಭಾರವನ್ನೇ ತೆಗೆದುಹಾಕಿದಂತೆ. 2018, 2019ರ ಮಳೆಗಾಲಗಳಲ್ಲಿ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳು ಕಂಡದ್ದೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಜಾರಿ ಹಲವರ ಜೀವ ತೆಗೆದದ್ದೂ ಎಲ್ಲರ ನೆನಪಿನಲ್ಲಿವೆ. ಹೆದ್ದಾರಿಯ ಅಗಲೀಕರಣವನ್ನು ಪ್ರಶ್ನಿಸುವವರು ತಮ್ಮ ಮನೆಯ ಹಿಂದಿನ ಧರೆಯನ್ನು ಕಡಿಸುವಾಗ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ ಎಂಬುದು ವಿಷಾದದ ಸಂಗತಿ.

ದೊಡ್ಡ ಕಾರುಗಳ ತೂಕದಿಂದಲೇ ಊರ ರಸ್ತೆ ಹಾಳಾಗುತ್ತದೆ ಎಂಬ ದೂರೂ ಕೇಳಿಬರುತ್ತದೆ. ಅದು ಅಷ್ಟು ಸರಿಯಲ್ಲ. ಭಾರ ಹೊತ್ತ ಮರಳಿನ ಅಥವಾ ನಾಟಾದ ಲಾರಿಯೊಂದು ಮಾಡುವ ಹಾನಿಯ ಮುಂದೆ ಎರಡು ಟನ್ನಿನ ಕಾರಿನದು ಲೆಕ್ಕಕ್ಕೇ ಇಲ್ಲ.

ಇಂಧನದ ಆಯ್ಕೆಗೆ ಬಂದರೆ ಡೀಸೆಲ್ ಎಂಬುದು ಹಳ್ಳಿಯವರ ಹಳೆಯ ನಂಬಿಕೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ನಿಯಮದ ನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ಅದು ತುಂಬಿದಾಗ ಒಳಗಿನ ಮಸಿಯನ್ನು ಉರಿಸಿ ಚೊಕ್ಕಟ ಮಾಡಿಕೊಳ್ಳಲು ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಎರಡನೆಯ ಗೇರಿನಲ್ಲೇ ದಿನ ಕಳೆಯುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಜಾಲರಿ ಕಟ್ಟಿಕೊಂಡು ದೀಪ ಉರಿಯುತ್ತದೆ. ಅದರ ರಿಪೇರಿ ಊರಿನ ಗ್ಯಾರೇಜಿನಲ್ಲಿ ಆಗುವಂಥದ್ದಲ್ಲ. ಹಲವು ಡೀಸೆಲ್ ಗಾಡಿಗಳಿಗೆ ಶೇ. 32.5 ಯೂರಿಯಾ ದ್ರಾವಣವನ್ನೂ ಹಾಕಬೇಕು. ಮನೆಯಲ್ಲಿ ಯೂರಿಯಾ ಚೀಲವಿದೆಯಲ್ಲ ಎಂದು ಯಾರೂ ಕರಗಿಸಿ ಹೊಯ್ಯಬಾರದು. ರೈತರಿಗೆ ಸಿಗುವುದು ಬೇವಿನೆಣ್ಣೆ ಲೇಪಿಸಿದ ಗೊಬ್ಬರ. ಅದು ತೋಟಕ್ಕೆ ಒಳ್ಳೆಯದು, ಎಂಜಿನ್ನಿಗೆ ವಿಷ.

ಪೆಟ್ರೋಲಿನಲ್ಲಿ ಈಗ ಶೇ. 20 ಎಥನಾಲ್ ಇದೆ. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಪಾಲು. ಹಾಗಾಗಿ ಮೈಲೇಜು ಸ್ವಲ್ಪ ಕಡಿಮೆಯಾಗುವುದು ಸಹಜ. ಅದು ಗಾಳಿಯ ತೇವವನ್ನು ಹೀರುತ್ತದೆ ಎಂಬುದನ್ನು, ಮಳೆಗಾಲವಿಡೀ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ನೆನಪಿಡಬೇಕು. ಕಬ್ಬು, ಮೆಕ್ಕೆಜೋಳಗಳ ನೀರು ಮತ್ತು ನೆಲ ಈ ಟ್ಯಾಂಕಿನೊಳಗೆ ಸೇರಿವೆ ಎಂಬುದು ಬೇರೆಯೇ ಬರಹಕ್ಕೆ ವಸ್ತು.

ಹಾಗಾದರೆ ವಿದ್ಯುತ್ ಕಾರು? ಪರಿಸರಪ್ರಿಯರ ಒಲವು ಸಹಜವಾಗಿ ಅತ್ತ. ಅದರ ಗುಣವನ್ನು ಮುಚ್ಚಿಡಬೇಕಾಗಿಲ್ಲ. ಘಟ್ಟ ಇಳಿಯುವಾಗ ಬ್ರೇಕಿನ ಬಿಸಿಯಾಗಿ ಹಾಳಾಗುವ ಶಕ್ತಿಯ ಒಂದು ಭಾಗ ಮತ್ತೆ ಬ್ಯಾಟರಿಗೆ ಬರುತ್ತದೆ. ಹೊಗೆಯಿಲ್ಲ, ಸದ್ದಿಲ್ಲ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರ ಲೆಕ್ಕ ಹಾಕೋಣ. ಲೀಟರಿಗೆ 12 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಸಾವಿರ ಲೀಟರ್ ಸುಡುತ್ತದೆ, ಲೀಟರಿಗೆ 2.3 ಕಿಲೋದಂತೆ 2.3 ಟನ್ ಇಂಗಾಲದ ಡೈಆಕ್ಸೈಡ್. ನೂರು ಕಿಲೋಮೀಟರಿಗೆ 18 ಯೂನಿಟ್ ಬಳಸುವ ವಿದ್ಯುತ್ ಕಾರಿಗೆ 2,160 ಯೂನಿಟ್ ಬೇಕು. ದೇಶದ ವಿದ್ಯುತ್ ಜಾಲದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ ಒಂದೂವರೆ ಟನ್. ಲಾಭ ಇದೆ, ಆದರೆ ಜಾಹೀರಾತಿನ ‘ಶೂನ್ಯ’ ಅಲ್ಲ. ಭಾರಿ ಬ್ಯಾಟರಿಯ ತಯಾರಿಕೆಯಲ್ಲೇ ಹೊರಟ ಇಂಗಾಲವನ್ನು ತೀರಿಸಲು ಆ ಉಳಿತಾಯದ ಹಲವು ವರ್ಷಗಳು ಬೇಕು. ಚಿಕ್ಕ ಬ್ಯಾಟರಿಯ ಹಗುರ ಕಾರಿನಲ್ಲಿ ಈ ಸಾಲ ಬೇಗ ತೀರುತ್ತದೆ.

ಐಎಕ್ಸ್1ರ ಬ್ಯಾಟರಿ 66.4 ಯೂನಿಟ್ಟಿನದು. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ ಹರಿದರೂ ಪೂರ್ತಿ ತುಂಬಲು ಇಪ್ಪತ್ತೆರಡು ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಇದರ ಗತಿ ಏನು? ಇನ್ನೂ ದೊಡ್ಡ ಮಾತೊಂದಿದೆ. ಸಂಜೆಯ ವಿದ್ಯುತ್ ಬೇಡಿಕೆ ಏರುತ್ತಿದೆ ಎಂಬ ಕಾರಣವನ್ನೇ ಮುಂದಿಟ್ಟು ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಅದು ಹಾಯುವುದು ಸಿಂಗಳೀಕದ ಅಭಯಾರಣ್ಯವನ್ನು. ಕಣಿವೆ ಉಳಿಸಿ ಎನ್ನುವವರ ಅಂಗಳದಲ್ಲೇ ಸಂಜೆ ಏಳಕ್ಕೆ ಎರಡು ಟನ್ನಿನ ಕಾರು ಚಾರ್ಜಿಗೆ ನಿಂತರೆ ಅಧಿಕಾರಿಗಳಿಗೆ ಉತ್ತರ ಹೇಳುವುದು ಕಷ್ಟವಾದೀತು. ಮಾಡಿನ ಮೇಲಿನ ಸೌರಫಲಕದಿಂದ ಹಗಲಿನಲ್ಲಿ ತುಂಬಿಸುವವರ ಮಾತು ಬೇರೆ.

ತೆರಿಗೆಯ ಲೆಕ್ಕವಂತೂ ವಿಚಿತ್ರ. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ಜಿಎಸ್‌ಟಿ ದರದಲ್ಲಿ ಪೆಟ್ರೋಲ್, ಡೀಸೆಲ್‌ನ ದೊಡ್ಡ ಕಾರುಗಳಿಗೆ ಶೇ. 40. ವಿದ್ಯುತ್ ಕಾರಿಗೆ ಶೇ. 5, ಅದರ ಬೆಲೆ ಹತ್ತು ಲಕ್ಷವಿರಲಿ, ಐವತ್ತು ಲಕ್ಷವಿರಲಿ. ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಅದೇ ಶೇ. 5. ಕೂಲಿಗೆ ಹೋಗುವವರು ಕಂತಿನಲ್ಲಿ ಕೊಳ್ಳುವ ಸಾಧಾರಣ ಪೆಟ್ರೋಲ್ ಬೈಕಿಗೆ ಮಾತ್ರ ಶೇ. 18, ಊರಿಗೆಲ್ಲ ಓಡುವ ಡೀಸೆಲ್ ಬಸ್ಸಿಗೂ ಶೇ. 18. ಕರ್ನಾಟಕ ಸರ್ಕಾರ 2024ರಲ್ಲಿ 25 ಲಕ್ಷಕ್ಕೂ ಮೇಲ್ಪಟ್ಟ ವಿದ್ಯುತ್ ಕಾರುಗಳಿಗೆ ಶೇ. 10 ಜೀವಾವಧಿ ತೆರಿಗೆ ಹಾಕಿ ಈ ಓರೆಯನ್ನು ಸ್ವಲ್ಪ ನೇರ್ಪಡಿಸಿತು. ಕಣಿವೆಯ ಸಾಮಾನ್ಯರು ಹತ್ತುವ ಬಸ್ಸಿಗಿಂತ ಒಬ್ಬರು ಕೂರುವ ಐಷಾರಾಮಿ ಕಾರು ಕಡಿಮೆ ದರದ ತೆರಿಗೆಗೆ ಅರ್ಹವೆಂಬ ನೀತಿಗೆ ಹಸಿರು ಬಣ್ಣ ಬಳಿದಿರುವುದನ್ನು ಒಪ್ಪಲಾಗದು.

ಬಸ್ಸಿನ ಮಾತು ಬಂದದ್ದರಿಂದ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯದೆ ಮುಂದೆ ಹೋಗಲಾಗದು. ಖಾಸಗಿ ಬಸ್ ಸಂಸ್ಥೆಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಮೂರು ದಶಕ ಸಮೀಪಿಸುವವರೆಗೆ ಅದರ ಬಸ್ಸುಗಳು ಮೂಲೆಮೂಲೆಯ ಹಳ್ಳಿಗಳಿಗೆ ಓಡಿದವು. 2020ರ ಫೆಬ್ರವರಿಯಲ್ಲಿ ಅವು ನಿಂತವು. ಡೀಸೆಲ್, ಬಿಡಿಭಾಗ, ವಿಮೆಗಳ ಹೊರೆ ಅದನ್ನು ಕುಗ್ಗಿಸಿತು. ಕಾರುಗಳೇ ಕಾರಣವೆಂದರೆ ಅನ್ಯಾಯವಾದೀತು. ಆದರೂ ಒಂದು ಸತ್ಯವಿದೆ: ಟಿಕೇಟಿಗೆ ಪೂರ್ತಿ ದುಡ್ಡು ಕೊಡಬಲ್ಲವರು, ಬಸ್ಸು ಬರದಿದ್ದರೆ ಶಾಸಕರಿಗೆ ಫೋನು ಮಾಡಬಲ್ಲವರು ಒಬ್ಬೊಬ್ಬರಾಗಿ ಕಾರು ಹತ್ತಿದ ಮೇಲೆ ಬಸ್ಸಿನಲ್ಲಿ ಉಳಿಯುವವರು ಪಾಸಿನ ವಿದ್ಯಾರ್ಥಿಗಳು, ಮುದುಕರು, ಕೂಲಿಯವರು. ಅವರಿಗಾಗಿ ಯಾರು ಫೋನು ಮಾಡುತ್ತಾರೆ? 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ; ಖಾಸಗಿ ಬಸ್ಸುಗಳನ್ನೇ ನೆಚ್ಚಿದ ಮಲೆನಾಡಿನ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಒಂದೇ ನಾಡಿನಲ್ಲಿ ಒಂದು ಕಡೆ ದಣಪೆ ಅಗಲವಾಗುತ್ತಿದೆ, ಇನ್ನೊಂದು ಕಡೆ ಸಂಕಕ್ಕೆ ಹಿಡಿಗಂಬವಿಲ್ಲ.

ಸುರಕ್ಷತೆಗಾಗಿ ದುಬಾರಿ ಕಾರು ಎಂಬ ವಾದವೂ ಈಗ ಹಿಂದಿನಷ್ಟು ಗಟ್ಟಿಯಿಲ್ಲ. 2018ರಲ್ಲೇ ಟಾಟಾ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ತಾರೆ ಪಡೆಯಿತು. 2023ರಲ್ಲಿ ಭಾರತದ್ದೇ ಪರೀಕ್ಷಾ ವ್ಯವಸ್ಥೆ ಬಂದಮೇಲೆ ಐದು ತಾರೆಯ ಕಾರುಗಳು ಐಷಾರಾಮಿ ಕಾರಿನ ಕಾಲುಭಾಗದ ಬೆಲೆಗೆ ಸಿಗುತ್ತಿವೆ. ಉಳಿಯುವ 30 ಲಕ್ಷವನ್ನು ಶೇ. 7ರ ಠೇವಣಿಯಲ್ಲಿಟ್ಟರೂ ವರ್ಷಕ್ಕೆ ಎರಡು ಲಕ್ಷದ ಮೇಲೆ ಬಡ್ಡಿ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿರುವ ಈ ವರ್ಷಗಳಲ್ಲಿ, ಕೊಳೆಗೆ ಬೋರ್ಡೋ ಹೊಡೆಯಲು ಮರ ಹತ್ತುವವರೇ ಸಿಗದ ಕಾಲದಲ್ಲಿ, ಆ ಹಣ ತೋಟಕ್ಕೆ ಒಂದು ಕೆಟ್ಟ ವರ್ಷವನ್ನು ದಾಟಿಸುವ ಶಕ್ತಿ ಕೊಡುತ್ತದೆ. ಅಡಿಕೆಯ ಬೆಲೆ ಇಳಿದಾಗ ಕಾರಿನ ಕಂತು ಇಳಿಯುವುದಿಲ್ಲ.

ಇಷ್ಟರ ಮೇಲೂ ಕೊಳ್ಳಲೇಬೇಕೆಂದು ಮನಸ್ಸು ಮಾಡಿದವರು ಮುಂಗಡ ಕೊಡುವ ಮೊದಲು ಆ ಕಾರನ್ನು ಒಂದು ದಿನಕ್ಕೆ ಊರಿಗೆ ತರಿಸಬೇಕು. ಪೇಟೆಯ ಬೈಪಾಸಿನಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ಜುಲೈ ತಿಂಗಳಲ್ಲಿ, ನಾಲ್ಕು ಜನರನ್ನೂ ಎರಡು ಗೊಬ್ಬರದ ಚೀಲಗಳನ್ನೂ ಹೇರಿಕೊಂಡು ಮನೆಯ ಏರನ್ನು ಹತ್ತಿಸಬೇಕು. ಬದಲಿ ಚಕ್ರ ಪೂರ್ಣ ಅಳತೆಯದೋ, ನಿಧಾನವಾಗಿ ಓಡಿಸಬೇಕಾದ ಸಣ್ಣದೋ, ಅಥವಾ ಇಲ್ಲವೇ ಇಲ್ಲವೋ ಎಂದು ಡಿಕ್ಕಿ ತೆಗೆಸಿ ನೋಡಬೇಕು. ದುರಸ್ತಿಗೆ ಮಂಗಳೂರಿಗೋ ಬೆಂಗಳೂರಿಗೋ ಗಾಡಿಯನ್ನು ಹೊತ್ತೊಯ್ಯುವ ಖರ್ಚನ್ನು ಬರೆದುಕೊಡಲು ಕೇಳಬೇಕು. ಕೊನೆಗೆ ದಣಪೆಯ ಎರಡು ಕಲ್ಲುಕಂಬಗಳ ನಡುವೆ ಅಳತೆಪಟ್ಟಿ ಹಿಡಿದು, ಒಂದೂ ಕಂಬ ಕೀಳದೆ, ಒಂದು ಬುಟ್ಟಿ ಮಣ್ಣೂ ಕಡಿಯದೆ ಅದು ಅಂಗಳಕ್ಕೆ ಬರುವುದೇ ಎಂದು ಮನೆಯವರೆಲ್ಲ ನಿಂತು ನೋಡಬೇಕು.