ರೋಗಿಯ ಮಾತು ಬಲ್ಲವಳಿಗೆ ಸೊನ್ನೆ ಅಂಕವೇ?



ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನದಿಂದ ಗಡಿನಾಡಿನ ಎಷ್ಟೋ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಮಗಳನ್ನು ನರ್ಸಿಂಗಿಗೆ ಕಳಿಸಬೇಕು. ಆದರೆ ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಅಲ್ಲಿ ಇರುವುದೆಲ್ಲ ಇಂಗ್ಲೀಷು, ಹೇಗೆ ನಿಭಾಯಿಸಿಯಾಳು? ಚರ್ಚೆ ಮುಗಿಯುವುದೂ ಒಂದೇ ರೀತಿಯಲ್ಲಿ: ದೊಡ್ಡವಳದ್ದು ಆಗಿಹೋಯಿತು, ಚಿಕ್ಕವಳನ್ನಾದರೂ ಇಂಗ್ಲೀಷ್ ಶಾಲೆಗೆ ಹಾಕೋಣ. ಹೀಗೆ ನರ್ಸಿಂಗ್ ಕಾಲೇಜಿನ ಪರೀಕ್ಷೆಯ ಭಯವು ನಮ್ಮ ಊರಿನ ಒಂದನೆಯ ತರಗತಿಯ ಬೆಂಚನ್ನು ಖಾಲಿ ಮಾಡುತ್ತಿದೆ. ಭಯ ಸುಳ್ಳಲ್ಲ. ಆದರೆ ನೀವು ಅದಕ್ಕೆ ಹುಡುಕಿಕೊಂಡಿರುವ ಮದ್ದು ತಪ್ಪು. ಕೇಳಬೇಕಾದವರನ್ನು ಕೇಳದೆ ಶಾಲೆಯನ್ನು ಶಿಕ್ಷಿಸುತ್ತಿದ್ದೀರಿ.

ಮೊದಲು ನಿಯಮವೇನೆಂದು ತಿಳಿಯೋಣ. ಬಿ.ಎಸ್ಸಿ. ನರ್ಸಿಂಗಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಮಾಡಿ 2021ರಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಿದ ನಿಯಮಾವಳಿಯ ಪ್ರಕಾರ ನಾಲ್ಕು ವರ್ಷ, ಎಂಟು ಸೆಮಿಸ್ಟರು. ಸೇರಬೇಕಾದರೆ ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಇಂಗ್ಲೀಷನ್ನೂ ಓದಿರಬೇಕು. ಸೇರಿದ ಮೇಲೆ ಥಿಯರಿಯಲ್ಲಿ ಶೇಕಡಾ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕಾರಣ ಯಾವುದೇ ಇರಲಿ. ಆಸ್ಪತ್ರೆಯ ವಾರ್ಡಿನ ಕೆಲಸವಂತೂ ಪದವಿ ಕೈಗೆ ಬರುವ ಮೊದಲು ನೂರಕ್ಕೆ ನೂರು ಪೂರೈಸಿರಬೇಕು. (ಊರ ಜಾತ್ರೆ, ಅತ್ತೆಯ ಮಗಳ ಮದುವೆ ಎಂದು ಫೋನು ಮಾಡಿ ಹುಡುಗಿಯನ್ನು ಕರೆಸಿಕೊಳ್ಳುವವರು ಇದನ್ನು ದಯವಿಟ್ಟು ಎರಡು ಸಲ ಓದಿ.) ವಿಷಯಕ್ಕೆ 25 ಅಂಕ ಕಾಲೇಜಿನ ಕೈಯಲ್ಲಿ, 75 ಅಂಕ ಸೆಮಿಸ್ಟರಿನ ಕೊನೆಯ ಪರೀಕ್ಷೆಯಲ್ಲಿ. ಥಿಯರಿಗೂ ಪ್ರಾಕ್ಟಿಕಲ್ಲಿಗೂ ಬೇರೆ ಬೇರೆಯಾಗಿ ಶೇಕಡಾ 50 ಬರಬೇಕು. ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ಬಾಕಿ ಉಳಿದ ವಿಷಯಗಳನ್ನೆಲ್ಲ ಪಾಸು ಮಾಡಿಕೊಳ್ಳದೆ ಐದನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂರುವಂತಿಲ್ಲ.

ಈ ಕಟ್ಟುನಿಟ್ಟಿನ ಬಗ್ಗೆ ನಮ್ಮ ತಕರಾರಿಲ್ಲ. ಮಿಲಿಗ್ರಾಮಿಗೂ ಮೈಕ್ರೋಗ್ರಾಮಿಗೂ ಸಾವಿರ ಪಟ್ಟು ಅಂತರ. ಅದನ್ನು ಅದಲುಬದಲು ಮಾಡುವವಳ ಕೈಗೆ ಸಿರಿಂಜು ಕೊಡಬಾರದು, ಅವಳು ಎಷ್ಟೇ ಅಪ್ಪಟ ಕನ್ನಡತಿಯಾಗಿದ್ದರೂ ಸರಿ. ಔಷಧದ ಚೀಟಿ, ಕೇಸ್ ಶೀಟು, ಡಾಕ್ಟರರ ಆದೇಶ ಇಂಗ್ಲೀಷಿನಲ್ಲಿ ಇರುವ ತನಕ ದಾದಿಗೆ ಇಂಗ್ಲೀಷು ಬರಲೇಬೇಕು. ಮಟ್ಟ ಇಳಿಸಿ ಎಂದು ಯಾರಾದರೂ ನಮ್ಮ ಹೆಸರಿನಲ್ಲಿ ಕೇಳಿದರೆ ಅವರು ನಮ್ಮ ಮಕ್ಕಳಿಗೂ ನಾಳೆಯ ರೋಗಿಗಳಿಗೂ ದ್ರೋಹ ಮಾಡಿದಂತೆ.

ತಕರಾರು ಇರುವುದು ಬೇರೆ ಕಡೆ. ಮೊದಲನೆಯ ಸೆಮಿಸ್ಟರಿನ ಪಠ್ಯಕ್ರಮವನ್ನು ತೆಗೆದು ನೋಡಿ. ಸಂವಹನ ಇಂಗ್ಲೀಷಿಗೆ ಇಟ್ಟಿರುವುದು 40 ಗಂಟೆ. ಅದೇ ಸೆಮಿಸ್ಟರಿನಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ನರ್ಸಿಂಗಿನ ಮೂಲಪಾಠ, ಎಲ್ಲವೂ ಇಂಗ್ಲೀಷಿನಲ್ಲಿ. ಈಜು ಕಲಿಸುವ ತರಗತಿಯನ್ನೂ ಹೊಳೆ ದಾಟುವ ಪರೀಕ್ಷೆಯನ್ನೂ ಒಂದೇ ದಿನ ಇಟ್ಟ ಹಾಗೆ. ಇಂಗ್ಲೀಷಿನ ಪಾಠಕ್ಕೆ ಪಾಸಾಗಲು ಶೇಕಡಾ 40 ಸಾಕೆಂಬ ರಿಯಾಯಿತಿ ಬೇರೆ ಉಂಟು! ಇಂಗ್ಲೀಷಿನಲ್ಲಿ 40 ಬಂದರೆ ಸಾಕು, ಆದರೆ ಅದೇ ಇಂಗ್ಲೀಷಿನಲ್ಲಿ ಬರೆಯುವ ಅಂಗರಚನೆಯಲ್ಲಿ 50 ಬರಬೇಕು. ಈ ಲೆಕ್ಕ ಹಾಕಿದವರು ಕನ್ನಡ ಶಾಲೆಯಿಂದಲೋ ತಮಿಳು ಶಾಲೆಯಿಂದಲೋ ಬರುವ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರೇ?

ಇನ್ನು ಪ್ರಾಕ್ಟಿಕಲ್ ಪರೀಕ್ಷೆಯನ್ನು ನೋಡಿ. ನನ್ನ ಮುಖ್ಯ ಮಾತು ಇರುವುದೇ ಇಲ್ಲಿ. ತಲೆಗೆ ಪೆಟ್ಟುಬಿದ್ದು ಬಂದ ರೋಗಿಯ ಪ್ರಜ್ಞೆ ಎಷ್ಟಿದೆ ಎಂದು ಅಳೆಯಲು ಗ್ಲಾಸ್ಗೋ ಕೋಮಾ ಮಾಪನ ಎಂಬುದೊಂದಿದೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ರೂಪಿಸಿದ್ದು. ಇಂದು ಜಗತ್ತಿನ ಎಲ್ಲೆಡೆಯ ನರ್ಸಿಂಗ್ ವಿದ್ಯಾರ್ಥಿಗಳೂ ಕಲಿಯುತ್ತಾರೆ. ಒಟ್ಟು 15. ಕಣ್ಣು ತೆರೆಯುವುದಕ್ಕೆ 4, ಕೈಕಾಲಿನ ಚಲನೆಗೆ 6, ಮಾತಿಗೆ 5. ಹೆಸರು, ಊರು, ಇಂದು ಯಾವ ದಿನ ಎಂದು ಕೇಳಿದಾಗ ರೋಗಿ ಸರಿಯಾಗಿ ಉತ್ತರಿಸಿದರೆ 5. ಗೊಂದಲದಿಂದ ಮಾತಾಡಿದರೆ 4. ಸಂಬಂಧವಿಲ್ಲದ ಪದಗಳು ಬಂದರೆ 3. ಅರ್ಥವಾಗದ ಬರಿಯ ಸದ್ದು ಬಂದರೆ 2. ಈಗ ಹೇಳಿ, ಕನ್ನಡವೋ ತುಳುವೋ ಮಾತ್ರ ಬಲ್ಲ ಮುದುಕಿಯೊಬ್ಬಳು ಮಂಚದ ಮೇಲೆ ಮಲಗಿ ತನ್ನ ಹೆಸರು, ಮಗನ ಹೆಸರು, ಊರ ದೇವಸ್ಥಾನದ ಹೆಸರು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದಾಳೆ. ಆ ಭಾಷೆ ಬಾರದ ದಾದಿ ಎಷ್ಟು ಅಂಕ ಹಾಕಬೇಕು? 5 ಇರಬೇಕಾದಲ್ಲಿ ಅವಳ ಕಿವಿಗೆ ಬೀಳುವುದು 2ರ ಸದ್ದು. ತಿರುವುಮುರುವಾಗಿಯೂ ಆಗಬಹುದು. ನಿನ್ನೆ ಸರಿಯಾಗಿ ಮಾತಾಡಿದವಳು ಇಂದು ತೀರಿಹೋದ ಗಂಡನನ್ನು ಕರೆಯುತ್ತಿದ್ದಾಳೆ, ಅಂದರೆ ತಲೆಯೊಳಗೆ ರಕ್ತಸ್ರಾವ ಹೆಚ್ಚುತ್ತಿರಬಹುದು. ಅದನ್ನು ಮೊದಲು ಗುರುತಿಸಬೇಕಾದವಳು ಪಕ್ಕದಲ್ಲಿ ನಿಂತ ದಾದಿ. ಭಾಷೆ ಬಾರದವಳಿಗೆ ನಿನ್ನೆಯ ಮಾತಿಗೂ ಇಂದಿನ ಮಾತಿಗೂ ಏನು ವ್ಯತ್ಯಾಸ ಕೇಳಿಸೀತು?

ಇಲ್ಲಿ ರೋಗಿಯ ಭಾಷೆ ಬರುವುದು ಕೆಲಸದ ಒಂದು ಭಾಗ, ಉಪಚಾರದ ಮಾತಲ್ಲ. ಪಠ್ಯಕ್ರಮಕ್ಕೂ ಇದು ಗೊತ್ತು. ರೋಗಿಯೊಡನೆ ಸಂವಹನ, ದಾದಿ-ರೋಗಿ ಸಂಬಂಧ ಎಂಬುದು ನರ್ಸಿಂಗ್ ಮೂಲಪಾಠದ ಒಂದು ಘಟಕವೇ ಆಗಿದೆ. ಆದರೆ ಮಂಜೇಶ್ವರದಿಂದ ಬಂದ ಹುಡುಗಿಗೆ ಕನ್ನಡ, ತುಳು, ಮಲೆಯಾಳ ಮೂರೂ ಬರುತ್ತವೆ. ತಾಳವಾಡಿಯವಳಿಗೆ ಕನ್ನಡ, ತಮಿಳು. ಅಕ್ಕಲಕೋಟೆಯವಳಿಗೆ ಕನ್ನಡ, ಮರಾಠಿ, ಹಿಂದಿ. ಈ ಬಂಡವಾಳಕ್ಕೆ ಉತ್ತರಪತ್ರಿಕೆಯಲ್ಲಿ ಜಾಗವೆಲ್ಲಿ? ಅವಳ ಬಾಯಿಂದ ತಪ್ಪು ಇಂಗ್ಲೀಷು ಬಂದರೆ ಪರೀಕ್ಷಕರು ಹುಬ್ಬು ಗಂಟಿಕ್ಕುತ್ತಾರೆ. ರೋಗಿಯ ಒಂದು ಮಾತೂ ತಿಳಿಯದವಳು ಶುದ್ಧ ಇಂಗ್ಲೀಷಿನಲ್ಲಿ ಸಂವಹನದ ತತ್ವಗಳನ್ನು ಒಪ್ಪಿಸಿದರೆ ಪೂರ್ಣ ಅಂಕ!

ಹೊರದೇಶಗಳ ಉದಾಹರಣೆ ಕೊಡದಿದ್ದರೆ ನಮ್ಮವರು ಒಪ್ಪುವುದಿಲ್ಲವಲ್ಲ, ಅದನ್ನೂ ಕೊಡೋಣ. ಬ್ರಿಟನ್ನಿನಲ್ಲಿ ದಾದಿಯಾಗಬೇಕಾದರೆ ಅಲ್ಲಿನ ಪರಿಷತ್ತು ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಓದು, ಮಾತು, ಕೇಳುವಿಕೆಗಳಲ್ಲಿ 7 ಕೇಳುತ್ತದೆ. ಅಲ್ಲಿನ ರೋಗಿ ಇಂಗ್ಲೀಷು ಮಾತಾಡುತ್ತಾನೆ, ಅದಕ್ಕೆ. ಜರ್ಮನಿಗೆ ಹೋಗುವ ಕೇರಳದ ದಾದಿಯರು ಜರ್ಮನ್ ಭಾಷೆಯಲ್ಲಿ ಬಿ-2 ಎಂಬ ಹಂತ ಮುಟ್ಟಬೇಕು. ಅಲ್ಲಿನ ರೋಗಿ ಜರ್ಮನ್ ಮಾತಾಡುತ್ತಾನೆ, ಅದಕ್ಕೆ. ರೋಗಿಯ ಭಾಷೆಯನ್ನು ಪರೀಕ್ಷಿಸುವುದು ಅಲ್ಲಿ ಸುರಕ್ಷತೆ. ಇಲ್ಲಿ ಕೇಳಿದರೆ ಭಾಷಾಂಧತೆ! ಇನ್ನೊಂದು ಸಂಗತಿಯನ್ನೂ ಗಮನಿಸಿ. ಆ ಹುಡುಗಿಯರು ಜರ್ಮನ್ ಶುರು ಮಾಡುವುದು ಎಲ್.ಕೆ.ಜಿ.ಯಲ್ಲಲ್ಲ, ಇಪ್ಪತ್ತು ದಾಟಿದ ಮೇಲೆ. ಒಳ್ಳೆಯ ಶಿಕ್ಷಕರಿಂದ, ದಿನಕ್ಕೆ ಕೆಲವು ಗಂಟೆ ಕೂತು ಕಲಿಯುತ್ತಾರೆ. ಇಪ್ಪತ್ತು ದಾಟಿದವರಿಗೆ ಸೊನ್ನೆಯಿಂದ ಜರ್ಮನ್ ಬರುವುದಾದರೆ, ಹತ್ತು ವರ್ಷ ಇಂಗ್ಲೀಷನ್ನು ಒಂದು ಭಾಷೆಯಾಗಿ ಓದಿದ ನಿಮ್ಮ ಮಗಳಿಗೆ ಹದಿನೆಂಟರಲ್ಲಿ ನರ್ಸಿಂಗಿನ ಇಂಗ್ಲೀಷು ಬಾರದೆ? ಬರುತ್ತದೆ. ಕಲಿಸುವ ಏರ್ಪಾಡು ಬೇಕು, ಅಷ್ಟೆ. ಆ ಏರ್ಪಾಡು ಮಾಡದ ಕಾಲೇಜುಗಳೇ ಕನ್ನಡ ಶಾಲೆಯತ್ತ ಬೊಟ್ಟು ತೋರಿಸುತ್ತಿವೆ.

ಸರಕಾರಗಳ ನಡತೆಯಲ್ಲಿ ಇನ್ನೂ ವಿಚಿತ್ರಗಳುಂಟು. ಡಾಕ್ಟರಾಗುವವರ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಆದರೆ ಎಲ್ಲಿ? ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರದಲ್ಲಿ ಕೂತವನಿಗೆ ಕನ್ನಡ ಇಲ್ಲ. ಅತ್ತ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಕೇಳುವ ಹೊರನಾಡು, ಗಡಿನಾಡು ಕನ್ನಡಿಗರಿಗಾಗಿ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಇಟ್ಟಿದ್ದಾರೆ. ಒಳಗೆ ಬರಲು ಕನ್ನಡ ಬೇಕು. ಒಳಗೆ ಬಂದ ಮೇಲೆ ಕನ್ನಡ ಬೇಡ. ಬಾಗಿಲಲ್ಲಿ ಕೇಳಿ ಪಡೆದ ಚಪ್ಪಲಿಯನ್ನು ಒಳಗೆ ಹೋದ ಮೇಲೆ ಮರೆತುಬಿಡುವ ಹಾಗಾಯಿತು. 2022ರಲ್ಲಿ ಮಧ್ಯಪ್ರದೇಶ ಎಂ.ಬಿ.ಬಿ.ಎಸ್. ಪಠ್ಯಗಳನ್ನೇ ಹಿಂದಿಗೆ ತಂದಿತು. ಅದು ಎಷ್ಟರಮಟ್ಟಿಗೆ ಫಲ ಕೊಟ್ಟಿತು ಎಂಬ ಚರ್ಚೆ ಬೇರೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕಾದರೂ ಅದು ಸಾಕ್ಷಿ.

ನಮ್ಮ ಶಾಲೆಗಳಿಗೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕನ್ನಡ ಮಾಧ್ಯಮವೆಂದರೆ ಇಂಗ್ಲೀಷು ಕಲಿಸದ ಮಾಧ್ಯಮವೆಂದು ಯಾರು ಹೇಳಿದರು? ಇಂಗ್ಲೀಷಿನ ಪೀರಿಯಡ್ಡನ್ನು ಗೈಡು ನೋಡಿ ಉತ್ತರ ಬರೆಸುವುದರಲ್ಲಿ ಕಳೆಯುವ ಶಿಕ್ಷಕರು ಕನ್ನಡದ ಶತ್ರುಗಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರು ಎಷ್ಟೇ ಗಟ್ಟಿಯಾಗಿ ನಾಡಗೀತೆ ಹಾಡಲಿ. ಕನ್ನಡದಲ್ಲಿ ಹೃದಯದ ನಾಲ್ಕು ಕೋಣೆಗಳನ್ನು ಚೆನ್ನಾಗಿ ಅರಿತ ಹುಡುಗಿಗೆ ಅವುಗಳ ಇಂಗ್ಲೀಷ್ ಹೆಸರು ಕಲಿಯಲು ಒಂದು ಸಂಜೆ ಸಾಕು. ಎರಡೂ ಭಾಷೆಯಲ್ಲಿ ಅರೆಬರೆ ಕಲಿತವಳ ಗತಿಯೇ ಕಷ್ಟ.

ಹಾಗಾದರೆ ಕೇಳಬೇಕಾದದ್ದೇನು, ಯಾರಲ್ಲಿ? ಪ್ರವೇಶ ಮುಗಿದು ತರಗತಿ ಶುರುವಾಗುವ ಮೊದಲು ಕೆಲವು ವಾರ ಉಚಿತವಾದ ಇಂಗ್ಲೀಷ್ ಸಿದ್ಧತಾ ತರಗತಿಯನ್ನು ಕಾಲೇಜೇ ನಡೆಸಬೇಕು, ಆ 40 ಗಂಟೆಯ ಲೆಕ್ಕಕ್ಕೆ ಸೇರಿಸದೆ. ಪ್ರವೇಶದ ದಿನ ಫೀಸು ಕಟ್ಟುವ ಮುಂಚೆ ಪ್ರಿನ್ಸಿಪಾಲರನ್ನು ಇದನ್ನು ಕೇಳಿ. ಕಟ್ಟಿದ ಮೇಲೆ ಕೇಳಿದರೆ ಉತ್ತರ ಬೇರೆಯಾಗಿರುತ್ತದೆ. ಆಂತರಿಕ 25 ಅಂಕ ಕಾಲೇಜಿನ ಕೈಯಲ್ಲೇ ಇದೆಯಲ್ಲ, ಮೊದಲ ವರ್ಷದ ಬಾಯಿಪರೀಕ್ಷೆಯಲ್ಲಿ ವಿಷಯ ಗೊತ್ತಿದ್ದು ಪದ ಸಿಗದ ಹುಡುಗಿ ತನ್ನ ಭಾಷೆಯಲ್ಲಿ ವಿವರಿಸಿದರೆ ಅದನ್ನು ಪರಿಗಣಿಸಲಿ. ಪ್ರಾಕ್ಟಿಕಲ್ಲಿನಲ್ಲಿ ರೋಗಿಯೊಡನೆ ಮಾತಾಡುವ ಭಾಗವನ್ನು ರೋಗಿಯ ಭಾಷೆಯಲ್ಲೇ ನಡೆಸಿ ಅಂಕ ಕೊಡಬೇಕು, ಇದು ಮುಖ್ಯ ಬೇಡಿಕೆ. ಇದರಿಂದ ಲಾಭ ಕನ್ನಡಿಗರಿಗೆ ಮಾತ್ರವಲ್ಲ. ಬೆಂಗಳೂರಿನಲ್ಲಿ ಓದುವ ಮಲೆಯಾಳಿ ಹುಡುಗಿಯೂ ಕನ್ನಡ ಕಲಿಯುತ್ತಾಳೆ, ಹೊಸೂರಿನ ನಮ್ಮವಳ ತಮಿಳಿಗೂ ಬೆಲೆ ಬರುತ್ತದೆ.

ಇದಕ್ಕೆ ಇದೇ ಸಮಯ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಹೊಸ ಆಯೋಗವೆಂದ ಮೇಲೆ ಹೊಸ ನಿಯಮಗಳೂ ಬರುತ್ತವೆ. ಬರೆಯುವವರ ಮೇಜಿನ ಮೇಲೆ ನಮ್ಮ ಮನವಿ ಇಲ್ಲದಿದ್ದರೆ ಮತ್ತೆ ಅದೇ 40 ಗಂಟೆ, ಅದೇ ಹಾಡು.

ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ಠರಾವು ಮಾಡಿ. ಒಂದು ಪ್ರತಿ ದೆಹಲಿಗೆ, ಒಂದು ನಿಮ್ಮ ರಾಜ್ಯದ ಆರೋಗ್ಯ ಇಲಾಖೆಗೆ, ಒಂದು ಸಂವಿಧಾನದ 350 ಬಿ ವಿಧಿಯ ಪ್ರಕಾರ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಬರೆದುಕೊಡಲು ಇಂಗ್ಲೀಷು ಬಲ್ಲವರನ್ನು ಹುಡುಕುತ್ತ ತಿಂಗಳು ಕಳೆಯಬೇಡಿ. ದೇಶದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವುದೇ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲಿಯೇ ಬರೆಯಿರಿ, ಕೆಳಗೆ ಮಕ್ಕಳ ತಾಯಂದಿರ ಸಹಿಯನ್ನೂ ಹಾಕಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಜೋಪಾನ ಮಾಡಿ.