ಶಾಲೆಯಲ್ಲಿ ಸಂಗೀತ

ಬೆಳಗಿನ ಗಂಟೆ ಬಾರಿಸಿದೊಡನೆ ಮಕ್ಕಳು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಕಂಠ ಚೆನ್ನಾಗಿರುವ ನಾಲ್ವರು ಮುಂದೆ ಬಂದು ಪ್ರಾರ್ಥನೆಯನ್ನೂ ನಾಡಗೀತೆಯನ್ನೂ ಹಾಡುತ್ತಾರೆ. ಉಳಿದವರಲ್ಲಿ ಕೆಲವರು ದನಿಗೂಡಿಸುತ್ತಾರೆ. ಕೆಲವರು ತುಟಿಯನ್ನಷ್ಟೇ ಅಲುಗಿಸುತ್ತಾರೆ. ‘ನಿನಗೆ ಹಾಡಲು ಬಾರದು’ ಎಂಬ ಮಾತನ್ನು ಎಂದೋ ಒಮ್ಮೆ ಹಿರಿಯರಿಂದ ಕೇಳಿಸಿಕೊಂಡವರು ಸುಮ್ಮನೆ ನಿಂತುಬಿಡುತ್ತಾರೆ. ಅನೇಕ ಶಾಲೆಗಳಲ್ಲಿ ಆ ದಿನದ ಸಂಗೀತ ಅಲ್ಲಿಗೆ ಮುಗಿಯಿತು. ವೇಳಾಪಟ್ಟಿಯಲ್ಲಿ ಸಂಗೀತಕ್ಕೆಂದು ಒಂದು ಅವಧಿ ಇದ್ದರೂ ಪರೀಕ್ಷೆ ಸಮೀಪಿಸಿದಂತೆ ಅದು ಗಣಿತಕ್ಕೋ ವಿಜ್ಞಾನಕ್ಕೋ ಸಂದುಹೋಗುತ್ತದೆ. ಅದನ್ನು ನಷ್ಟವೆಂದು ಎಣಿಸುವವರು ವಿರಳ. ಆದರೆ ನಷ್ಟ ಇದ್ದೇ ಇದೆ. ಅದು ಮುಂದೆ ನಿಂತು ಹಾಡಿದ ನಾಲ್ವರದಲ್ಲ. ಸುಮ್ಮನೆ ನಿಂತ ಮಕ್ಕಳದು.

ಸಂಗೀತವು ಹುಟ್ಟಿನಿಂದಲೇ ಬರಬೇಕಾದ ವರವೆಂದೂ, ಅದು ಇಲ್ಲದವರಿಗೆ ಕಲಿಸುವುದು ವ್ಯರ್ಥವೆಂದೂ ಹೇಳುವವರುಂಟು. ಪ್ರತಿಭೆಯಲ್ಲಿ ಹೆಚ್ಚು ಕಡಮೆ ಇರುವುದು ನಿಜ. ಆದರೆ ಎಲ್ಲರೂ ಕವಿಗಳಾಗಲೆಂದು ಶಾಲೆಯಲ್ಲಿ ಪದ್ಯಗಳನ್ನು ಕಲಿಸುವುದಿಲ್ಲ; ಎಲ್ಲರೂ ವಿಜ್ಞಾನಿಗಳಾಗಲೆಂದು ವಿಜ್ಞಾನವನ್ನು ಬೋಧಿಸುವುದಿಲ್ಲ. ಓದಿದುದನ್ನು ಸವಿಯುವ, ಕಂಡುದನ್ನು ತಿಳಿಯುವ ಶಕ್ತಿ ಎಲ್ಲರಿಗೂ ಬೇಕು. ಅಂತೆಯೇ ಕೇಳಿದುದನ್ನು ಅರಿಯುವ ಕಿವಿಯೂ ಬೇಕು. ವಿದ್ವಾಂಸರನ್ನು ಸಿದ್ಧಪಡಿಸುವುದು ಶಾಲೆಯ ಕೆಲಸವಲ್ಲ. ರಸಿಕರನ್ನು ಸಿದ್ಧಪಡಿಸುವುದು ಅದರ ಕೆಲಸ. ಕೇಳುವವರಿಲ್ಲದ ನಾಡಿನಲ್ಲಿ ಹಾಡುವವರೂ ಬಹುಕಾಲ ಉಳಿಯಲಾರರು.

ಹಿಂದಿನ ಕಾಲದಲ್ಲಿ ಸಂಗೀತವನ್ನು ಗುರುವಿನ ಮನೆಯಲ್ಲಿದ್ದು ಕಲಿಯಬೇಕಾಗಿತ್ತು. ಆ ಪದ್ಧತಿ ಮಹಾಗಾಯಕರನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುರುವಿನ ಮನೆಯ ಬಾಗಿಲು ಎಲ್ಲರಿಗೂ ಸುಲಭವಾಗಿ ತೆರೆಯುತ್ತಿರಲಿಲ್ಲ. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಬಾಲಕನಾಗಿದ್ದಾಗಲೇ ಗುರುವನ್ನು ಅರಸಿ ಮನೆ ಬಿಟ್ಟು ಹೊರಟರು. ಗ್ವಾಲಿಯರ್, ಜಲಂಧರ್ ಮೊದಲಾದ ದೂರದ ಊರುಗಳಲ್ಲಿ ಅಲೆದರು. ಕಡೆಗೆ ಅವರಿಗೆ ಗುರು ದೊರೆತದ್ದು ತಮ್ಮ ನಾಡಿನಲ್ಲಿಯೇ, ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅದೇ ಗುರುವಿನ ಶಿಷ್ಯೆಯಾದ ಗಂಗೂಬಾಯಿ ಹಾನಗಲ್ ಅವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಬಾಲಕಿ ಗಂಗೂಬಾಯಿ ಅಲ್ಲಿ ಸ್ವಾಗತಗೀತೆಯನ್ನು ಹಾಡಿದರು. ಆಗ ಜಾತಿಯ ಕಾರಣದಿಂದ ತನಗೆ ಅವಮಾನವಾದೀತೇನೋ ಎಂಬ ಅಳುಕು ತಮ್ಮನ್ನು ಕಾಡುತ್ತಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಇಂಥ ಅಡೆತಡೆಗಳನ್ನು ದಾಟಿ ಬಂದವರ ಹೆಸರನ್ನು ನಾಡು ಬಲ್ಲದು. ದಾಟಲಾರದೆ ಅರ್ಧದಾರಿಯಲ್ಲಿ ನಿಂತವರ ಲೆಕ್ಕವನ್ನು ಇಟ್ಟವರಿಲ್ಲ.

ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರೇ. ಈ ಇಬ್ಬರೂ ದೃಷ್ಟಿಹೀನ ಮಕ್ಕಳಿಗೂ ಬಡವರ ಮಕ್ಕಳಿಗೂ ಅನ್ನ, ವಸತಿ, ವಿದ್ಯೆಗಳನ್ನು ನೀಡಿ ಸಂಗೀತವನ್ನು ಕಲಿಸಿದರು. ಪರರ ಕನಿಕರವನ್ನೇ ನಂಬಿ ಬಾಳಬೇಕಾಗಿದ್ದ ಎಷ್ಟೋ ಮಂದಿ ಅಲ್ಲಿ ಕಲಿತು, ತಲೆಯೆತ್ತಿ ಬಾಳುವ ಮಾರ್ಗವನ್ನು ಕಂಡುಕೊಂಡರು. ಬಸವರಾಜ ರಾಜಗುರು ಅವರಂಥ ಹಿರಿಯ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲೊಬ್ಬರು. ಒಂದು ಆಶ್ರಮವು ಭಿಕ್ಷೆಯ ಧಾನ್ಯದಿಂದ ಮಾಡಿದ ಕೆಲಸವನ್ನು ಊರೂರಿನಲ್ಲಿರುವ ಶಾಲೆಗಳು ಅಷ್ಟಿಷ್ಟಾದರೂ ಮಾಡಬಾರದೇ? ಶಾಲೆಯಲ್ಲಿ ಜಾತಿಯ ತಡೆಯಿಲ್ಲ. ಶುಲ್ಕ ತೆತ್ತು ಮನೆಪಾಠಕ್ಕೆ ಹೋಗಲಾರದ ಮಗುವಿಗೆ ಸಂಗೀತ ದೊರೆಯುವ ಸ್ಥಳ ಅದೊಂದೇ.

ಸಂಗೀತದಿಂದ ಓದು ಕೆಡುತ್ತದೆಂಬ ಭಯ ಕೆಲವು ತಂದೆತಾಯಿಗಳಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಕ್ರಮಪಡಿಸಿದವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರ, ಗೀತ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಈ ಪಾಠಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಆದಿತಾಳಕ್ಕೆ ಎಂಟು ಅಕ್ಷರ: ಒಂದು ತಟ್ಟು, ಮೂರು ಬೆರಳೆಣಿಕೆ, ಬಳಿಕ ಎರಡು ಬಾರಿ ತಟ್ಟು ಮತ್ತು ಬೀಸು. ಅದೇ ಸರಳೆವರಸೆಯನ್ನು ಮೊದಲ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರದಂತೆ, ಎರಡನೆಯ ಕಾಲದಲ್ಲಿ ಎರಡರಂತೆ, ಮೂರನೆಯ ಕಾಲದಲ್ಲಿ ನಾಲ್ಕರಂತೆ ಹಾಡಬೇಕು. ಕೈಯ ತಾಳ ಬದಲಾಗದೆ ಬಾಯಿಯ ವೇಗ ಇಮ್ಮಡಿ, ನಾಲ್ಮಡಿಯಾಗುವಾಗ ಮಗುವಿನ ಮನಸ್ಸು ಎಷ್ಟು ಎಚ್ಚರವಾಗಿರಬೇಕು! ಬಿಗಿದ ತಂತಿಯ ಅರ್ಧ ಉದ್ದವನ್ನು ಮೀಟಿದರೆ ಮೇಲಿನ ಷಡ್ಜವೂ, ಮೂರರಲ್ಲಿ ಎರಡು ಪಾಲನ್ನು ಮೀಟಿದರೆ ಪಂಚಮವೂ ಕೇಳಿಸುತ್ತದೆ. ಪುಸ್ತಕದಲ್ಲಿ ಒಣ ಅಂಕಿಗಳಾಗಿ ತೋರುವ ಭಿನ್ನರಾಶಿಗಳು ಇಲ್ಲಿ ಕಿವಿಗೆ ಇಂಪಾಗಿ ಕೇಳಿಸುತ್ತವೆ.

ಇದಕ್ಕಿಂತಲೂ ಮಿಗಿಲಾದ ಲಾಭ ಇನ್ನೊಂದಿದೆ. ನಲವತ್ತು ಮಕ್ಕಳು ಕೂಡಿ ಹಾಡುವಾಗ ಪ್ರತಿಯೊಬ್ಬರೂ ತಮ್ಮ ದನಿಯನ್ನು ಪಕ್ಕದವರ ದನಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಒಬ್ಬರು ಅಬ್ಬರಿಸಿದರೆ ಹಾಡು ಕೆಡುತ್ತದೆ. ಒಬ್ಬರು ಅವಸರಪಟ್ಟರೆ ತಾಳ ತಪ್ಪುತ್ತದೆ. ಹಾಡುವುದಕ್ಕಾಗಿ ಕೇಳಬೇಕು. ಪರೀಕ್ಷೆಯಲ್ಲಿ ಒಬ್ಬನ ಮೇಲುಗೈ ಇನ್ನೊಬ್ಬನ ಹಿನ್ನಡೆಯಾಗಬಹುದು, ಮೇಳಗೀತದಲ್ಲಿ ಹಾಗಿಲ್ಲ. ಅಲ್ಲಿ ಎಲ್ಲರೂ ಗೆಲ್ಲುತ್ತಾರೆ, ಇಲ್ಲವೇ ಎಲ್ಲರೂ ಸೋಲುತ್ತಾರೆ. ಕೂಡಿ ಬಾಳುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪನ್ಯಾಸವಿಲ್ಲ.

ಈ ಸತ್ಯವನ್ನು ಕಂಡುಕೊಂಡು ಕಾರ್ಯಕ್ಕಿಳಿಸಿದವರಲ್ಲಿ ಹಂಗೇರಿ ದೇಶದ ಸಂಗೀತಗಾರ ಜೋಲ್ಟಾನ್ ಕೊದಾಯ್ (1882–1967) ಪ್ರಮುಖರು. ರಾಜಧಾನಿಯ ನಾಟ್ಯಮಂದಿರದ ನಿರ್ದೇಶಕರಿಗಿಂತ ಸಣ್ಣ ಊರಿನ ಸಂಗೀತ ಶಿಕ್ಷಕರು ಯಾರೆಂಬುದೇ ಹೆಚ್ಚಿನ ವಿಷಯವೆಂದು ಅವರು ವಾದಿಸಿದರು. ನಿರ್ದೇಶಕನು ತಪ್ಪಿದರೆ ಬೇಗನೆ ಬದಲಾಯಿಸಬಹುದು. ಶಿಕ್ಷಕನು ತಪ್ಪಿದರೆ ಒಂದು ತಲೆಮಾರೇ ಸಂಗೀತದಿಂದ ದೂರವಾಗುತ್ತದೆಂಬುದು ಅವರ ಅಭಿಪ್ರಾಯ. ದುಬಾರಿ ವಾದ್ಯಗಳು ಬೇಡ, ಎಲ್ಲ ಮಕ್ಕಳಲ್ಲಿಯೂ ಇರುವ ಕೊರಳೇ ಮೊದಲ ವಾದ್ಯವೆಂದೂ, ತಾಯ್ನುಡಿಯಂತೆ ನಾಡಿನ ಜಾನಪದ ಗೀತೆಯಿಂದಲೇ ಪಾಠ ತೊಡಗಬೇಕೆಂದೂ ಅವರು ಬೋಧಿಸಿದರು. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇತ್‌ನಲ್ಲಿ ದಿನವೂ ಹಾಡು ಕಲಿಸುವ ಪ್ರಾಥಮಿಕ ಶಾಲೆಯೊಂದು ಆರಂಭವಾಯಿತು. ಅದರ ಮಾದರಿಯಲ್ಲಿ ಅನೇಕ ಶಾಲೆಗಳು ಹುಟ್ಟಿಕೊಂಡವು.

ಕನ್ನಡನಾಡಿಗೆ ಈ ಮಾರ್ಗ ಕಷ್ಟವಾದುದೇನಲ್ಲ. ಬೀಸುವ ಪದ, ಸೋಬಾನೆ ಪದ, ಕೋಲಾಟದ ಪದಗಳು ಹಳ್ಳಿಗಳಲ್ಲಿ ಇನ್ನೂ ಪೂರ್ತಿಯಾಗಿ ಮರೆತುಹೋಗಿಲ್ಲ. ಅವುಗಳನ್ನು ಬಲ್ಲ ಅಜ್ಜಿಯೊಬ್ಬರನ್ನು ಶಾಲೆಗೆ ಕರೆಸಿ ಮಕ್ಕಳಿಗೆ ಹೇಳಿಕೊಡುವಂತೆ ಕೇಳಿದರೆ ಹಣದ ವೆಚ್ಚವಿಲ್ಲದೆ ಮೊದಲ ಪಾಠ ನಡೆಯುತ್ತದೆ. ಅದರ ಮೇಲೆ ವಚನ, ಕೀರ್ತನೆ, ಭಾವಗೀತೆಗಳನ್ನು ಕಟ್ಟಬಹುದು. ತರಬೇತಿ ಪಡೆದ ಸಂಗೀತ ಶಿಕ್ಷಕರು ಎಲ್ಲ ಶಾಲೆಗಳಿಗೂ ಬೇಕೆಂಬುದು ನಿಜ. ಅವರನ್ನು ನೇಮಿಸುವುದು ಸರ್ಕಾರದ ಕರ್ತವ್ಯ. ಆದರೆ ಅವರು ಬರುವತನಕ ಮೌನವಾಗಿ ಕುಳಿತಿರಬೇಕಾಗಿಲ್ಲ. ಸ್ಪರ್ಧೆಗೆಂದು ನಾಲ್ವರನ್ನು ಆರಿಸಿ ತಯಾರು ಮಾಡುವ ಶ್ರಮದಲ್ಲಿ ಅರ್ಧವನ್ನು ಉಳಿದ ಮಕ್ಕಳಿಗಾಗಿ ಮೀಸಲಿಟ್ಟರೂ ಸಾಕು. ವಾರದ ಆ ಒಂದು ಅವಧಿಯನ್ನು ಬೇರೆ ಪಾಠಕ್ಕೆ ಕಸಿದುಕೊಳ್ಳದಿದ್ದರೆ ಅದೇ ದೊಡ್ಡ ಆರಂಭ.

ಶಾಲೆಯಲ್ಲಿ ಕಲಿತ ಎಷ್ಟೋ ಸೂತ್ರಗಳು ಪರೀಕ್ಷೆ ಮುಗಿದೊಡನೆ ಮರೆಯಾಗುತ್ತವೆ. ಚಿಕ್ಕಂದಿನಲ್ಲಿ ಕಲಿತ ಹಾಡು ಮಾತ್ರ ಮುಪ್ಪಿನಲ್ಲಿಯೂ ಜೊತೆಗಿರುತ್ತದೆ. ದುಃಖದಲ್ಲಿ ಸಮಾಧಾನವಾಗಿ, ದುಡಿಮೆಯಲ್ಲಿ ಹುರುಪಾಗಿ ಒದಗುತ್ತದೆ. ಇಂಥ ಬುತ್ತಿಯನ್ನು ಕಟ್ಟಿಕೊಡದೆ ಮಕ್ಕಳನ್ನು ಬಾಳಿನ ದಾರಿಗೆ ಕಳುಹಿಸುವುದು ನ್ಯಾಯವಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮುಂದಿನ ನಾಲ್ವರು ಎಷ್ಟು ಇಂಪಾಗಿ ಹಾಡಿದರೆಂಬುದರಿಂದ ಶಾಲೆಯನ್ನು ಅಳೆಯಬಾರದು. ಹಿಂದಿನ ಸಾಲಿನ ಕೊನೆಯ ಮಗುವೂ ಅಂಜದೆ ಬಾಯಿ ತೆರೆಯಿತೇ ಎಂಬುದರಿಂದ ಅಳೆಯಬೇಕು.