ಲೆಕ್ಕ ಮುಗಿದ ಮೇಲೆ ಪಾಲುದಾರಿಕೆಯೇ?

ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಬಂದರು ನಿರ್ಮಿಸುವ ಹೊಣೆಯು 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗೆ ದೊರೆಯಿತು. ಆಗಿನ ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಕಡಲಲ್ಲಿ ಸಮೀಕ್ಷೆ ಆರಂಭವಾದಾಗ ಮೀನುಗಾರರು ಪ್ರತಿಭಟಿಸಿದರು, ನಿಷೇಧಾಜ್ಞೆ ಜಾರಿಯಾಯಿತು. ಸಾರ್ವಜನಿಕ ಅಹವಾಲು ಸಭೆ ನಡೆದುದು ಆಗಸ್ಟ್‌ನಲ್ಲಿ. ಕಾರವಾರ ಬಂದರಿನ ವಿಸ್ತರಣೆಯೂ 2020ರ ಜನವರಿಯಲ್ಲಿ ಇಂಥದೇ ವಿರೋಧವನ್ನು ಕಂಡು, ಉಚ್ಚ ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾಗಿತ್ತು.

ಬಂದರು ಬೇಕೇ, ಬೇಡವೇ ಎಂಬುದು ಈ ಲೇಖನದ ವಿಷಯವಲ್ಲ. ಅಲೆತಡೆಗೋಡೆ ಕಟ್ಟಿದರೆ ಮರಳು ಎತ್ತ ಸರಿಯುತ್ತದೆ, ದಡ ಎಲ್ಲಿ ಕೊರೆಯುತ್ತದೆ ಎಂಬುದನ್ನು ತಜ್ಞರು ಗಣಿತೀಯ ಮಾದರಿಯಿಂದ ಅಂದಾಜಿಸುತ್ತಾರೆ. 2006ರ ಪರಿಸರ ಅಧಿಸೂಚನೆಯ ಕ್ರಮದಂತೆ, ಕರಡು ವರದಿ ಸಿದ್ಧವಾದ ಬಳಿಕವೇ ಕನಿಷ್ಠ 30 ದಿನಗಳ ಸೂಚನೆ ನೀಡಿ ಜನರ ಅಹವಾಲು ಕೇಳಲಾಗುತ್ತದೆ. ವರ್ಷದ ಖಾತೆ ಬರೆದು ಮುಗಿಸಿ, ಅನಂತರ ಪಾಲುದಾರನನ್ನು ಕರೆದು ರುಜು ಕೇಳುವುದನ್ನು ವ್ಯಾಪಾರಿಗಳಾದ ನಾವು ನ್ಯಾಯವೆನ್ನುವೆವೇ?

ಮಾದರಿಯನ್ನು ರಚಿಸುವಾಗಲೇ ಸ್ಥಳೀಯರನ್ನು ಸೇರಿಸಿಕೊಳ್ಳುವ ಪದ್ಧತಿ ಅನೇಕ ದೇಶಗಳಲ್ಲಿದೆ. ಮಳೆಗಾಲದ ನಂತರ ಅಳಿವೆ ಯಾವ ಕಡೆಗೆ ಸರಿಯುತ್ತದೆ, ಯಾವ ತಿಂಗಳು ಯಾವ ಮೀನು ದಡಕ್ಕೆ ಬರುತ್ತದೆ ಎಂಬ ಅರಿವು ರಂಪಣಿ ಎಳೆಯುವವರಲ್ಲಿದೆ. ಏನನ್ನು ಅಳೆಯಬೇಕೆಂಬುದೂ ನೀತಿಯ ಪ್ರಶ್ನೆಯೇ. ಸರಕಿನ ಟನ್ನುಗಳು ತಾವಾಗಿಯೇ ಲೆಕ್ಕಕ್ಕೆ ಬರುತ್ತವೆ. ಒಣಮೀನು ಮಾರುವ ಮಹಿಳೆಯ ಆದಾಯ ಯಾರಾದರೂ ಕೇಳಿದರೆ ಮಾತ್ರ ಬರುತ್ತದೆ.

ಆದರೆ ಸಹಭಾಗಿತ್ವವು ಹೆಸರಿಗಷ್ಟೇ ಆಗಬಾರದು. ಪ್ರಶ್ನೆಗಳನ್ನು ನಿರ್ಧರಿಸುವ ಹಂತದಲ್ಲೇ ಜನರನ್ನು ಕರೆಯಬೇಕು. ಅವರು ತೋರಿಸಿಕೊಟ್ಟ ಮೀನುಗಾರಿಕಾ ನೆಲೆಗಳ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ಕಾರ್ಯಕ್ಕೆ ಬಳಸಬಾರದು. ಅವರ ಮಾತಿನಿಂದ ಲೆಕ್ಕ ಎಲ್ಲಿ ಬದಲಾಯಿತು, ಎಲ್ಲಿ ಇಲ್ಲ, ಏಕೆ ಇಲ್ಲ ಎಂಬುದನ್ನು ಸರಳ ಕನ್ನಡದಲ್ಲಿ ತಿಳಿಸಬೇಕು. ಸಭೆಗೆ ಬಂದುದನ್ನೇ ಸಮ್ಮತಿಯೆಂದು ಬರೆದುಕೊಳ್ಳುವುದು ವಂಚನೆ.

ಇದರಿಂದ ವಿಳಂಬವಾಗುತ್ತದೆಂಬ ಆಕ್ಷೇಪವಿದೆ. ಕೆಲವು ತಿಂಗಳುಗಳು ಹೆಚ್ಚು ಹಿಡಿಯಬಹುದು, ನಿಜ. ತಡೆಯಾಜ್ಞೆ, ಪ್ರತಿಭಟನೆಗಳಲ್ಲಿ ಕಳೆದುಹೋಗುವ ಕಾಲಕ್ಕೂ ಬೆಲೆಯಿದೆಯೆಂಬುದನ್ನು ಮರೆಯಲಾಗದು. ಮಂಜುಗಡ್ಡೆ, ಬಲೆ, ಡೀಸೆಲ್ ಮಾರುವವರು ಮೀನುಗಾರಿಕೆಯನ್ನು ನಂಬಿದ್ದಾರೆ. ಲಾರಿ ಮಾಲೀಕರು, ಗುತ್ತಿಗೆದಾರರು ಬಂದರಿನತ್ತ ನೋಡುತ್ತಿದ್ದಾರೆ. ಇವರೆಲ್ಲರೂ ನಮ್ಮವರೇ. ಆದ್ದರಿಂದ ಮುಂದಿನ ಯಾವುದೇ ಯೋಜನೆಗೆ ಬೆಂಬಲ ಸೂಚಿಸುವ ಮುನ್ನ, ಲೆಕ್ಕ ಹಾಕುವಾಗ ಯಾರು ಯಾರು ಕುಳಿತಿದ್ದರು ಎಂದು ವಾಣಿಜ್ಯ ಸಂಸ್ಥೆಗಳು ಕೇಳಲಿ.